ಮೊದಲ ಸೂಜಿ ಅಮ್ಮನಿಗೆ

ಜುಲೈ ೧೪, ಮಂಗಳವಾರ, ಜಯನಗರ

ತಪ್ಪೊಪ್ಪಿಗೆ: ಏಳು ತಿಂಗಳ ಬಸುರಿ ಹೆಂಡತಿ ಲಿಖಿತಾಳ ಬ್ಯಾಗಿನಿಂದ ಹುಣಸೆ ಚಿಗಳಿ ಕದ್ದು ತಿಂದಿದ್ದೇನೆ. ಇದಕ್ಕೆ ಯಾವ ಧರ್ಮಶಾಸ್ತ್ರದಲ್ಲೂ ಪ್ರಾಯಶ್ಚಿತ್ತವಿಲ್ಲ.

ಫ್ಲೂ ಚುಚ್ಚುಮದ್ದಿನ ವಿಷಯಕ್ಕೆ ವಾರವಿಡೀ ಮನೆಯಲ್ಲಿ ಚುಚ್ಚುಮಾತು. ಬಸುರಿಗೆ ಸೂಜಿ ಬೇಡವೆಂದು ಅಮ್ಮನ ಹಟ. ಹಾಕಿಸಿದರೆ ಮಗುವಿಗೇನಾಗುವುದೋ, ಬಿಟ್ಟರೆ ಜ್ವರ ಬಂದು ಏನಾಗುವುದೋ ಎಂದು ಲಿಖಿತಾಳಿಗೆ ನಿದ್ದೆಯಿಲ್ಲ. ಹಾಕಿಸಲೇಬೇಕೆಂದು ನಾನು ದಿನವೂ ಭಾಷಣ ಬಿಗಿದೆ.

ಹುಟ್ಟಿದ ಮೇಲೂ ಕೆಲವು ತಿಂಗಳು ಮಗುವಿಗೆ ಇದರಿಂದ ರಕ್ಷಣೆ, ಮನೆಯವರೂ ಹಾಕಿಸಿಕೊಳ್ಳಿ ಎಂದು ಶುಕ್ರವಾರ ಡಾಕ್ಟರು ಹೇಳಿದರು. ಅಮ್ಮ ಎದ್ದು ರವಿಕೆಯ ತೋಳು ಮೇಲೇರಿಸಿದಳು. "ಮೊದ್ಲು ನಂಗೆ ಚುಚ್ಚಮ್ಮ. ನಂಗೇನೂ ಆಗ್ಲಿಲ್ಲ ಅಂದ್ರೆ ಆಮೇಲೆ ಸೊಸೆಗೆ." ಹಾಲಿನ ಬಿಸಿಯನ್ನು ತನ್ನ ಕೈಮೇಲೆ ನೋಡಿ ಮಗುವಿಗೆ ಕುಡಿಸುವವಳ ಹಾಗೆ.

ಇವತ್ತು ಲಿಖಿತಾ ತಾನೇ ಹೊರಟಳು. "ಅತ್ತೆ, ನೀವು ಗಟ್ಟಿಯಾಗೇ ಇದೀರಲ್ಲ, ನಾನೂ ಹಾಕಿಸ್ಕೋತೀನಿ." ಈಗ ಅವಳ ತೋಳಿಗೆ ಅಮ್ಮ ಐಸ್ ಹಿಡಿದು ಕೂತಿದ್ದಾಳೆ. ನೋಡುತ್ತ ನೋಡುತ್ತ ಕಣ್ಣು ತುಂಬಿ ಬಂತು. ನಮ್ಮ ಮಗು ಪುಣ್ಯ ಮಾಡಿದೆ, ನಾನೂ.

ಎಲ್ಲ ನನ್ನ ಭಾಷಣದ ಫಲವೆಂದು ಮಾವನಿಗೆ ಫೋನಿನಲ್ಲಿ ಕೊಚ್ಚಿಕೊಂಡೆ. ಆಸ್ಪತ್ರೆಯಲ್ಲಿ ಲಿಖಿತಾಳ ನಂತರ ನನ್ನ ಸರದಿಯೆಂದು ನರ್ಸ್ ಹೆಸರು ಕೂಗುತ್ತಿದ್ದಾಗ ನಾನು ಪಾರ್ಕಿಂಗಿನಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಅವಳ ಬ್ಯಾಗು ಹಿಡಿದು ತಲೆ ಬಗ್ಗಿಸಿ ಕೂತಿದ್ದೆ. ಚಿಗಳಿ ಖಾಲಿಯಾದದ್ದು ಅಲ್ಲೇ.