ಕರೆಯಲು ಸಲೀಸಾದ ಹೆಸರು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಹೆಸರು ಬರೆಯುವುದರಲ್ಲೇ ಅರ್ಧ ಸಾಲು ಮುಗಿಯುತ್ತದೆ ಎಂದು ನಗುತ್ತೀಯಲ್ಲ, ಅದಕ್ಕೆ ಇವತ್ತು ಬರೀ ಮಗಳೇ. ಹೇಗಿದ್ದೀಯ? ಹೊಲಿಗೆಯ ನೋವು ಇಳಿಯಿತೆ? ಮಗು ನಿನಗೆ ಸ್ವಲ್ಪವಾದರೂ ಮಲಗಲು ಬಿಡುತ್ತಾಳೆಯೆ? ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಮಗುವಿನ ಫೋಟೊ ಜತೆ ನೀನು ಕಳಿಸಿದ ಪತ್ರ ಬಂದ ದಿನದಿಂದಲೂ ನನ್ನ ದಿಂಬಿನ ಪಕ್ಕದ ಕವನಗಳ ಪುಸ್ತಕದಲ್ಲೇ ಇದೆ. ಪುಸ್ತಕ ತೆರೆಯುತ್ತೇನೆ, ಕವಿತೆ ಬಿಟ್ಟು ನಿನ್ನ ಪತ್ರ ಓದುತ್ತೇನೆ, ಮುಚ್ಚಿಡುತ್ತೇನೆ. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಈಚೆಗೆ ನಿನ್ನ ಫೋನು ಯಾವಾಗಲೂ ಮೇಜಿನ ಮೇಲೆ ಎಲ್ಲರಿಗೂ ಕೇಳುವ ಹಾಗೆ ಇರುತ್ತದೆ. ಇದು ಎಲ್ಲರಿಗೂ ಹೇಳುವ ಮಾತಲ್ಲ.

ಇಲ್ಲಿ ಎಲ್ಲ ಮಾಮೂಲು. ನಿನ್ನ ಮನೆಯಿಂದ ಬಂದ ಮರುದಿನವೇ ಕಾಲೇಜು, ಉತ್ತರಪತ್ರಿಕೆಗಳ ಕಟ್ಟು. ಕೆಳಗಿನ ಜೆರಾಕ್ಸ್ ಅಂಗಡಿಯವನು ಹೊಸ ಯಂತ್ರ ತಂದಿದ್ದಾನೆ, ಅದು ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ. ನಿನ್ನಪ್ಪ ಎಂದಿನಂತೆ ಕನ್ನಡಕ ಹುಡುಕುತ್ತಿದ್ದಾರೆ. ನನ್ನ ಹೆಸರನ್ನು ಪೂರ್ತಿ ಕೂಗಿ ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಯಾಕೆ ಕರೆದೆ ಅನ್ನುವುದೇ ಅವರಿಗೆ ಮರೆತಿರುತ್ತದೆ. ಪಕ್ಕದ ದರ್ಜಿಯಮ್ಮ ಮಗುವಿಗೆ ಅಂಗಿಗಳನ್ನು ಹೊಲಿದಿದ್ದಾರೆ. ಈ ವಯಸ್ಸಿನಲ್ಲೂ ಸೂಜಿಗೆ ತಾವೇ ದಾರ ಪೋಣಿಸುತ್ತಾರೆ. "ಕೂಸಿಗೆ ಹೆಸರಿಟ್ರಾ? ಹೇಳಿ, ಕತ್ತುಪಟ್ಟಿ ಮೇಲೆ ದಾರದಲ್ಲಿ ಬರೀತೀನಿ. ಆದ್ರೆ ನಿಮ್ಮನೆ ಹೆಸರು ಅಂದ್ರೆ ನಂಗೆ ಭಯ. ಕತ್ತಲ್ಲಿ ಶುರು ಮಾಡಿದ್ರೆ ಬೆನ್ನೆಲ್ಲಾ ಸುತ್ಕೊಂಡು ಬರ್ಬೇಕಾಗುತ್ತೆ!" ಎಂದರು. ನಾನು ನಕ್ಕೆ.

ನಿನ್ನ ಸಾಲುಗಳು ನನಗೆ ಬಾಯಿಪಾಠವಾಗಿವೆ. "ಅಮ್ಮಾ, ಅಜ್ಜಿ ಹೆಸರೇ ಇಡೋಣ ಅಂತಿದೀವಿ. ಎರಡೇ ಅಕ್ಷರ, ಹಳೇ ಕಾಲದ್ದು, ಎಷ್ಟು ಮುದ್ದಾಗಿದೆ! ಅರ್ಜಿ ಚೌಕಗಳು ಮುಗಿದ್ರೂ ಮುಗೀದೇ ಇರೋ ನನ್ನ ಹೆಸರಿನ ಕಷ್ಟ ನನ್ನ ಮಗಳಿಗೆ ಬೇಡ. ಅವರಿಗೂ ಇಷ್ಟ ಆಯ್ತು, ಕರೆಯೋಕೆ ಸಲೀಸು ಅಂದ್ರು. ತಿಂಗಳ ಕೊನೆಯೊಳಗೆ ಕಚೇರಿಗೆ ಹೆಸರು ಕೊಡ್ಬೇಕು. ನೀನು ಹೂಂ ಅಂದ್ರೆ ಸಾಕು."

ಹೂಂ ಅನ್ನಲು ಆಗುತ್ತಿಲ್ಲ ಮಗಳೇ. ಚಿಕ್ಕ ಹೆಸರು ನನಗೂ ಇಷ್ಟವೇ. ಪುಟಗಟ್ಟಲೆ ಹೇಳಬಹುದಾದದ್ದನ್ನು ನಾಲ್ಕು ಸಾಲಿಗೆ ಇಳಿಸಿದ ಕವಿತೆಯ ಮುಂದೆ ಇಡೀ ದಿನ ಕೂರುವವಳು ನಾನು. ಆದರೆ ಆ ಎರಡಕ್ಷರವನ್ನು ನೀನು ಅಜ್ಜಿಯ ಆಸ್ಪತ್ರೆಯ ಚೀಟಿಯ ಮೇಲೆ ಓದಿದ್ದೀಯ ಅಷ್ಟೆ, ಯಾರೂ ಕರೆದದ್ದನ್ನು ಕೇಳಿಲ್ಲ. ನಾನು ಕೇಳಿಕೊಂಡೇ ಬೆಳೆದೆ.

ಈಗ ಜೆರಾಕ್ಸ್ ಅಂಗಡಿ ಇರುವಲ್ಲಿ ಅಜ್ಜನ ಹಿಟ್ಟಿನ ಗಿರಣಿ ಇತ್ತು, ಅದು ನಿನಗೆ ಗೊತ್ತು. ಯಂತ್ರ ಓಡಲು ಶುರುವಾದರೆ ಮೇಲಿನ ಕೋಣೆಗಳ ನೆಲ ನಡುಗುತ್ತಿತ್ತು, ತಟ್ಟೆಗಳು ತಾವಾಗಿಯೇ ಗೋಡೆಯ ಕಡೆಗೆ ಜರುಗುತ್ತಿದ್ದವು. ಚೀಲದ ಬಾಯಿ ಹಿಡಿಯಲು, ಹಿಟ್ಟು ಗುಡಿಸಲು, ಕುಡಿಯುವ ನೀರಿಗೆ, ಎಲ್ಲಕ್ಕೂ ಅಜ್ಜ ಕೆಳಗಿನಿಂದ ಕೂಗುತ್ತಿದ್ದ. ಆ ಸದ್ದಿನಲ್ಲಿ ಬೇರೆ ಯಾವ ಮಾತೂ ಕೇಳಿಸುತ್ತಿರಲಿಲ್ಲ, ಅಜ್ಜಿಯ ಹೆಸರು ಮಾತ್ರ ಕೇಳಿಸುತ್ತಿತ್ತು. ಎರಡೇ ಅಕ್ಷರ, ಎಸೆದ ಕಲ್ಲಿನ ಹಾಗೆ ನೇರವಾಗಿ ಬಂದು ಬೀಳುತ್ತಿತ್ತು. ಮದುವೆಯಾದ ಹೊಸದರಲ್ಲಿ ಅಜ್ಜ ಎಲ್ಲರ ಮುಂದೆ ಹೇಳಿದ್ದನಂತೆ: "ಇವಳ ಹೆಸ್ರು ನೋಡೇ ಒಪ್ಕೊಂಡೆ. ಗಿರಣಿ ಮನೆಗೆ ಹೇಳಿ ಮಾಡಿಸಿದ ಹಾಗಿದೆ. ಕರೆಯೋಕೆ ಸಲೀಸು."

ಒಂದೇ ಸಲ ಕೂಗುವುದು ಅವನ ರೂಢಿ. ಅಷ್ಟರಲ್ಲಿ ಅಜ್ಜಿ ಮೆಟ್ಟಿಲ ಮೇಲಿರಬೇಕು. ಇಲ್ಲದಿದ್ದರೆ ಯಂತ್ರ ನಿಲ್ಲುತ್ತಿತ್ತು. ಸದ್ದಿಗೆ ನಾವು ಹೆದರುತ್ತಿರಲಿಲ್ಲ. ಆ ಸದ್ದು ನಿಂತರೆ ನಾನೂ ನಿನ್ನ ದೊಡ್ಡಮ್ಮನೂ ಮಂಚದ ಕೆಳಗೆ ಸೇರುತ್ತಿದ್ದೆವು. ಆ ಮೌನದಲ್ಲಿ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳುತ್ತಿತ್ತು.

ಅಜ್ಜಿಯ ಎಡಗಿವಿ ಗಿರಣಿಯ ಸದ್ದಿಗೆ ಹೋಯಿತೆಂದು ನಿನಗೆ ಹೇಳಿದ್ದೆವು. ಅದು ಹೋದದ್ದು ಹಾಗಲ್ಲ. ನಾನು ತೀರ ಚಿಕ್ಕವಳು, ಬಚ್ಚಲಲ್ಲಿ ಕೂತಿದ್ದೆ. ಅಜ್ಜಿ ನನ್ನ ತಲೆಗೆ ಸೋಪು ಹಚ್ಚಿದ್ದಳು. ಕೆಳಗಿನಿಂದ ಕೂಗು ಬಂತು. ನನ್ನ ಕಣ್ಣು ಉರಿಯುತ್ತಿತ್ತು, "ಒಂದು ಚೊಂಬು ಹಾಕಿ ಹೋಗ್ತೀನಿ, ಅಳಬೇಡ" ಎಂದು ಅವಳು ನೀರು ಎತ್ತಿಕೊಂಡಳು. ಯಂತ್ರ ನಿಂತಿತು. ಅಜ್ಜ ಬಂದ. ಗಿರಾಕಿಗೆ ತೂಗುತ್ತಿದ್ದವನು, ತಕ್ಕಡಿಯ ಅರ್ಧ ಕಿಲೋ ಕಬ್ಬಿಣದ ಕಲ್ಲು ಇನ್ನೂ ಕೈಯಲ್ಲೇ ಇತ್ತು.

"ಕಿವಿ ಕೇಳಿಸ್ಲಿಲ್ವಾ?"

"ಮಗು ಕಣ್ಣಿಗೆ ಸೋಪು..."

"ಕೇಳಿಸ್ದೇ ಇರೋ ಕಿವಿ ಇಟ್ಕೊಂಡು ಏನ್ ಮಾಡ್ತೀಯ?"

ಆ ಕಲ್ಲಿನಿಂದಲೇ ಹೊಡೆದ. ಎರಡು ಸಲ. ಮೊದಲನೆಯದಕ್ಕೆ ಅಜ್ಜಿ ನನ್ನ ಮೇಲೆ ಬಿದ್ದಳು, ಎರಡನೆಯದಕ್ಕೆ ಗೋಡೆಯ ಮೇಲೆ. ಉರಿಯುವ ಕಣ್ಣು ತೆರೆದು ನೋಡಿದಾಗ ನನ್ನ ತೊಡೆಯ ಮೇಲಿನ ನೊರೆ ಕೆಂಪಾಗಿತ್ತು. ಅವಳು ಒಂದು ಕೈಯಿಂದ ಕಿವಿ ಮುಚ್ಚಿಕೊಂಡು ಇನ್ನೊಂದು ಕೈಯಿಂದ ನನ್ನ ತಲೆಗೆ ನೀರು ಹಾಕುತ್ತಲೇ ಇದ್ದಳು. ಅಜ್ಜ ಕೆಳಗಿಳಿದು ಹೋದ. ಅದೇ ಕಲ್ಲು ತಕ್ಕಡಿಗೆ ಬಿದ್ದ ಸದ್ದು ಕೇಳಿಸಿತು. ಕಾದಿದ್ದವರು ಆ ತೂಕದಲ್ಲೇ ಹಿಟ್ಟು ತೂಗಿಸಿಕೊಂಡು ಮನೆಗೆ ಹೋದರು. ಯಾರೂ ಮೇಲೆ ನೋಡಲಿಲ್ಲ.

ಅಜ್ಜಿಯ ಎಡಭುಜ ಯಾವಾಗಲೂ ಕಿವಿಯ ಹತ್ತಿರ ಎದ್ದೇ ಇರುತ್ತಿತ್ತಲ್ಲ, ಫೋನು ಸಿಕ್ಕಿಸಿಕೊಂಡವರ ಹಾಗೆ? ನೀನು ಚಿಕ್ಕವಳಿದ್ದಾಗ ಹಾಗೇ ನಟಿಸಿ ಅವಳನ್ನು ನಗಿಸುತ್ತಿದ್ದೆ. ಆ ಭುಜ ಎದ್ದದ್ದು ಆವತ್ತಿನಿಂದ.

ನಮಗೆ ಉದ್ದ ಹೆಸರು ಇಟ್ಟವಳು ಅವಳೇ. ಉಳಿದ ಎಲ್ಲಕ್ಕೂ ಗಂಡನಿಗೆ ತಲೆಬಾಗಿದವಳು ಇದೊಂದಕ್ಕೆ ಬಾಗಲಿಲ್ಲ. ಹೆಸರನ್ನು ತುಂಡು ಮಾಡಿ ಕರೆಯಲು ಯಾರಿಗೂ ಬಿಡುತ್ತಿರಲಿಲ್ಲ. ಟೀಚರು ಕರೆದರೂ ಶಾಲೆಗೆ ಹೋಗಿ "ಪೂರ್ತಿ ಕರೀರಿ" ಅನ್ನುತ್ತಿದ್ದಳು. ಬೀದಿಯವರು ಇವಳಿಗೆಷ್ಟು ಜಂಬ ಎಂದುಕೊಂಡರು. ಒಂದು ಸಲ ಅಜ್ಜ ನಿನ್ನ ದೊಡ್ಡಮ್ಮನನ್ನು ಕೂಗಲು ಹೋಗಿ ನಡುವೆ ನಾಲಿಗೆ ತೊಡರಿತು, ಗಿರಾಕಿಗಳು ನಕ್ಕರು. ಅವನೂ ನಕ್ಕ. "ರೈಲು ಬಿಟ್ಟಿದಾಳೆ ರೈಲು! ಇಂಜಿನ್ನು ಇಲ್ಲಿಗೆ ಬಂದ್ರೂ ಕೊನೇ ಡಬ್ಬಿ ಇನ್ನೂ ಹಿಂದಿನ ಸ್ಟೇಷನ್ನಲ್ಲೇ ಇದೆ!" ಎಂದು ಎಲ್ಲರನ್ನೂ ಇನ್ನಷ್ಟು ನಗಿಸಿದ. ಆಮೇಲೆ ಮೊಳೆಗೆ ನೇತುಹಾಕಿದ್ದ ಯಂತ್ರದ ಹಳೆಯ ಬೆಲ್ಟು ತೆಗೆದುಕೊಂಡು ಮೇಲೆ ಬಂದ. ಅಷ್ಟರಲ್ಲಿ ದೊಡ್ಡಮ್ಮ ಹಿಂಬಾಗಿಲಿನಿಂದ ಇಳಿದು ದರ್ಜಿಯಮ್ಮನ ಅಂಗಡಿಯ ಬಟ್ಟೆಯ ರಾಶಿಯೊಳಗೆ ಹೊಕ್ಕಿದ್ದಳು. ಬೆಲ್ಟು ಅಜ್ಜಿಯ ಬೆನ್ನಿಗೆ ಬಿತ್ತು. ಅದರ ತುದಿಗಳನ್ನು ಜೋಡಿಸುವ ಉಕ್ಕಿನ ಹಲ್ಲುಗಳು ಸಾಲಾಗಿ ಇಳಿದವು. "ಇಬ್ರಿಗೂ ಚಿಕ್ಕದಾಗಿ ಹೆಸ್ರು ಹಾಕ್ತೀಯೋ ಇಲ್ವೋ?" ಎಂದು ಕೇಳುತ್ತಾ ಹೊಡೆದ. ಅವಳು ಇಲ್ಲ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಸಂಜೆ ದರ್ಜಿಯಮ್ಮ ರವಿಕೆಯನ್ನು ನೀರಿನಲ್ಲಿ ನೆನೆಸಿ ನೆನೆಸಿ ಗಾಯದಿಂದ ಬಿಡಿಸಿದರು.

ನೀನು ಹುಟ್ಟಿದಾಗ ಅಜ್ಜಿ ಆಸ್ಪತ್ರೆಗೆ ಬಂದು, ನಿನ್ನ ಉಸಿರಿಗೆ ತನ್ನ ಬಲಗಿವಿ ಹಿಡಿದು ಕೇಳಿ, "ಉದ್ದ ಇಡು" ಎಂದಳು. "ಯಾಕಮ್ಮಾ?" ಎಂದೆ. ಆವತ್ತೇ ಮೊದಲು ಬಾಯಿಬಿಟ್ಟದ್ದು. "ಕೂಗೋನಿಗೆ ಉಸಿರು ಸಾಲ್ಬಾರ್ದು. ಅವನು ಕೊನೇ ಅಕ್ಷರಕ್ಕೆ ಬರೋದ್ರೊಳಗೆ ಮಗು ಬಾಗಿಲು ದಾಟಿರ್ಬೇಕು." ನಿನ್ನಪ್ಪ ಪಕ್ಕದಲ್ಲೇ ನಿಂತು ಒದ್ದೆ ಬಟ್ಟೆ ಹಿಂಡುತ್ತಿದ್ದರು. ಅವರ ಬಾಯಿಗೆ ಹೆದರಿ ಯಾರೂ ಓಡಬೇಕಾಗಿರಲಿಲ್ಲ. ಆದರೂ ನಾನು ಇಟ್ಟೆ, ಆರು ಅಕ್ಷರ.

ಅಜ್ಜ ನೀನು ಹುಟ್ಟುವ ಮೊದಲೇ ಹೋಗಿದ್ದ, ಹೋದದ್ದೂ ಕೂಗುತ್ತಲೇ. ಯಂತ್ರ ಓಡುತ್ತಿತ್ತು. ಅಜ್ಜಿಯ ಹೆಸರಿನ ಮೊದಲ ಅಕ್ಷರ ಕೇಳಿಸಿತು, ಅವಳು ಮೆಟ್ಟಿಲವರೆಗೆ ಓಡಿದಳು. ಎರಡನೆಯ ಅಕ್ಷರ ಬರಲೇ ಇಲ್ಲ. ಭುಜ ಏರಿಸಿಕೊಂಡು, ಅದು ಬರಲೆಂದು ಅಲ್ಲೇ ಕಾಯುತ್ತಾ ನಿಂತಳು. ತುಂಬ ಹೊತ್ತಾದ ಮೇಲೆ ಇಳಿದು ಹೋಗಿ, ಹಿಟ್ಟಿನಲ್ಲಿ ಮುಖ ಹುಗಿದು ಬಿದ್ದವನನ್ನು ದಾಟಿ, ಮೊದಲು ಯಂತ್ರ ನಿಲ್ಲಿಸಿದಳು. ಆಮೇಲೆ ಆ ಹೆಸರಿಗೆ ಅವಳು ಓಗೊಡಲಿಲ್ಲ. ಎಲ್ಲರಿಗೂ ಅಮ್ಮ, ಅಜ್ಜಿ, ಅಷ್ಟೇ.

ಅದಕ್ಕೇ ಬೇಡ ಅಂದೆ. ಹಳೆಯ ಕಾಲದ ಮುದ್ದು ಹೆಸರುಗಳು ಎಷ್ಟೋ ಇವೆ, ಬೇರೆ ಹುಡುಕೋಣ. ಮಗುವಿನ ಅಂಗಾಲಿಗೆ ನನ್ನದೊಂದು ಮುತ್ತು ಕೊಡು. ನಿನಗೆ ಒಳ್ಳೆಯ ನಿದ್ದೆ ಬರಲಿ, ಮೈಯಲ್ಲಿ ಬಲ ತುಂಬಲಿ, ನಿಮ್ಮಿಬ್ಬರ ನಗು ನನ್ನ ಕಿವಿಗೆ ಬೀಳುತ್ತಿರಲಿ.

ನಿನ್ನ,
ಅಮ್ಮ

ತಾ.ಕ.: ಮಡಚಿ ಇಟ್ಟಿದ್ದನ್ನು ಮತ್ತೆ ಬಿಚ್ಚಿದ್ದೇನೆ. ನಾನು ಬರೆಯಬೇಕಾದದ್ದನ್ನು ಇನ್ನೂ ಬರೆದಿಲ್ಲ.

ನಾನು ಹೊರಡುವ ದಿನ ನೀನು ಮಗುವಿಗೆ ಹಾಲು ಕುಡಿಸುತ್ತಿದ್ದೆ. ಹೊರಕೋಣೆಯಿಂದ ನಿನ್ನ ಗಂಡ ಕರೆದ. ನಾನಿಟ್ಟ ಆರು ಅಕ್ಷರದಲ್ಲಿ ತನಗೆ ಬೇಕಾದ ಎರಡನ್ನು ಕತ್ತರಿಸಿ ಇಟ್ಟುಕೊಂಡಿದ್ದಾನೆ. ಒಂದೇ ಸಲ ಕರೆದ. ನಿನ್ನ ಎಡಭುಜ ಕಿವಿಯವರೆಗೆ ಎದ್ದಿತು. ಬಾಯಿಂದ ಮೊಲೆ ತಪ್ಪಿ ಮಗು ಕಿರುಚಿದರೂ ನೀನು ಆಗಲೇ ಎದ್ದು ನಿಂತಿದ್ದೆ. ತೋಳಿನ ಮೇಲಿನ ನೀಲಿ ಗುರುತಿಗೆ "ಕಪಾಟಿನ ಬಾಗಿಲು ತಗುಲ್ತಮ್ಮಾ" ಅಂದಿದ್ದೆ. ಕಪಾಟಿನ ಬಾಗಿಲಿಗೆ ನಾಲ್ಕು ಬೆರಳು ಇರುವುದಿಲ್ಲ ಮಗಳೇ. ಕೇಳಲೆಂದು ತಿರುಗಿದರೆ ಅವನು ಹೊಸ್ತಿಲಲ್ಲಿ ನಗುತ್ತಾ ನಿಂತಿದ್ದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇರಲಾರದು ಅಂದುಕೊಂಡೆ. ನಿನ್ನ ಪತ್ರದಲ್ಲಿ "ಕರೆಯೋಕೆ ಸಲೀಸು" ಎಂದು ಓದಿದ ಮೇಲೆ ಹಾಗೆ ಅಂದುಕೊಳ್ಳಲು ಆಗಲಿಲ್ಲ.

ಅಜ್ಜಿಯ ಲೆಕ್ಕಾಚಾರ ತಪ್ಪು. ಉದ್ದ ಹೆಸರು ಯಾರನ್ನೂ ಕಾಯಲಿಲ್ಲ. ಹಾಗೆಯೇ ಅವಳ ಎರಡಕ್ಷರದ್ದೂ ಏನೂ ತಪ್ಪಿಲ್ಲ. ಅದಕ್ಕೆ ಸಿಕ್ಕಿದ್ದು ಕೆಟ್ಟ ಬಾಯಿ.

ಈ ಬಟ್ಟೆಯ ಗಂಟನ್ನು ನಿನ್ನಪ್ಪ ತರುತ್ತಾರೆ. ಅವರಿಗೆ ಎಲ್ಲ ಹೇಳಿದ್ದೇನೆ. ಪತ್ರ ಅಂಗಿಗಳ ಅಡಿಯಲ್ಲಿದೆ; ನಿನ್ನ ಗಂಡ ಮಗುವಿನ ಬಟ್ಟೆ ಮುಟ್ಟಿದ್ದನ್ನು ನಾನು ಅಲ್ಲಿದ್ದಷ್ಟು ದಿನವೂ ನೋಡಲಿಲ್ಲ. ಕೆಳಗೆ ರಸ್ತೆಯಲ್ಲಿ ಕಾರು, ಕಾರಿನಲ್ಲಿ ದೊಡ್ಡಮ್ಮ ಇರುತ್ತಾಳೆ. ಏನೂ ಹೇಳಬೇಡ, ಏನೂ ಕಟ್ಟಿಕೊಳ್ಳಬೇಡ. ಮಗುವಿಗೆ ಹಳದಿ ಅಂಗಿ ತೊಡಿಸಿ ಹೊರಗೆ ಕರೆದುಕೊಂಡು ಬಾ, ನಿನ್ನಪ್ಪನಿಗೆ ಅರ್ಥವಾಗುತ್ತದೆ.

ಹಳದಿ ಅಂಗಿಯ ಕತ್ತುಪಟ್ಟಿ ಖಾಲಿ ಇದೆ. ದರ್ಜಿಯಮ್ಮನಿಗೆ ಎರಡಕ್ಷರಕ್ಕೆ ಜಾಗ ಬಿಡಿ ಎಂದಿದ್ದೇನೆ. ಯಾವ ಎರಡಕ್ಷರ ಎಂದು ಅವರು ಕೇಳಲಿಲ್ಲ, ನನ್ನ ಮುಖ ನೋಡಿ ಕೆಂಪು ದಾರ ಎತ್ತಿಟ್ಟರು. ಆ ಹೆಸರನ್ನೇ ಇಡೋಣ. ಇಲ್ಲಿ ಇಡೋಣ, ಈ ಮೆಟ್ಟಿಲುಗಳ ಮೇಲೆ, ಮೆಲ್ಲಗೆ ಕರೆದು. ಓಗೊಡುವುದು, ಬಿಡುವುದು ಅವಳಿಷ್ಟ.