ಕೌದಿಯ ಹೊಟ್ಟೆ

ಮೈಲೂರ, ಬೀದರ
ಸೋಮವಾರ

ಅವ್ವನಿಗೆ ಶಿವಕಾಂತಾಳ ಶರಣು.

ಫೋನ್ ಮಾಡಿದರೆ ಇಬ್ಬರೂ ಬರೀ ಅಳುತ್ತೇವೆ. ಅದಕ್ಕೇ ಈ ಕಾಗದವನ್ನು ಊರಿಗೆ ಬರುತ್ತಿರುವ ನಂದಕುಮಾರ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಕೂಸು ಉಳಿದಿದ್ದರೆ ಇವತ್ತು ತೊಟ್ಟಿಲಿಗೆ ಹಾಕುತ್ತಿದ್ದೆವು. ಅವನ ಶ್ವಾಸಕೋಶ ಬಲಿತಿರಲಿಲ್ಲ, ಹಾಲು ಕೊಟ್ಟಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದ್ದಾರೆ. ನೀನು ಅದನ್ನು ನಂಬು. ನರ್ಸು ಬಟ್ಟಲು ತಂದು ಮೊದಲ ಹಾಲು ಕೇಳಿದಾಗ, "ಹಳದಿ ಹಾಲು ಕೂಸಿಗಿ ಆಗಂಗಿಲ್ಲವ್ವಾ, ಚೆಲ್ಲು" ಅಂದವಳು ನೀನು. ಚೆಲ್ಲಿದವಳು ನಾನು. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಕೂತೆ, ಇನ್ನೂ ಬರೆಯಲಾಗುತ್ತಿಲ್ಲ.

ಹಾಲು ಮಾತ್ರ ನಿಂತಿಲ್ಲ. ಪಕ್ಕದ ಮನೆಯ ವರದಾಳಿಗೆ ಎದೆಹಾಲು ಸಾಲುತ್ತಿಲ್ಲ. ಅವಳೇ ಕೇಳಿದಳು. ದಿನಕ್ಕೆ ಎರಡು ಸಲ ಅವಳ ಮಗಳನ್ನು ನಾನು ಎದೆಗೆ ಹಾಕಿಕೊಳ್ಳುತ್ತೇನೆ. ಅತ್ತೆಗೆ ಗೊತ್ತಿಲ್ಲ, ನೀನೂ ಹೇಳಬೇಡ.

ಕೂಸಿಗೆಂದು ನಿನ್ನ ಹಳೆಯ ಸೀರೆಗಳಿಂದ ಹೊಲಿಯುತ್ತಿದ್ದ ಕೌದಿಯನ್ನು ಬಿಚ್ಚಲು ಕೂತಿದ್ದೀಯಂತೆ. ಬಿಚ್ಚಬೇಡ. ಮುಗಿಸಿ ಕಳಿಸು, ಆ ಹುಡುಗಿಗೆ ಹೊದಿಸುತ್ತೇನೆ. ಕಡೆಯ ಮೂಲೆ ಹೊಲಿಯುವ ಮುಂಚೆ ಒಳಗೆ ಹೋಳಿಗೆಯ ಚೂರು ಇಡುವುದನ್ನು ಮರೆಯಬೇಡ. "ಕೌದಿ ಹೊಟ್ಟಿ ಹಸಿದಿರಬಾರದು" ಎಂದು ಚಿಕ್ಕಂದಿನಲ್ಲಿ ನನ್ನ ಕೈಯಿಂದಲೇ ಇಡಿಸುತ್ತಿದ್ದೆಯಲ್ಲ.

ನನ್ನ ಕೂಸು ಎರಡು ದಿನ ಇತ್ತು, ಹಸಿದೇ ಹೋಯಿತು. ಚೂರು ಸ್ವಲ್ಪ ದೊಡ್ಡದೇ ಇಡು ಅವ್ವಾ.

ನಿನ್ನ ಮಗಳು,
ಶಿವಕಾಂತಾ