ಮಣ್ಣಿಗೆ ಮಾಡದ ನಮಸ್ಕಾರ

ಸಾಲೋಟಗಿ
೯ ಫೆಬ್ರುವರಿ ೨೦೨೫

ಪ್ರೀತಿಯ ಮಗ ಸರ್ಫರಾಜನಿಗೆ ಅಮ್ಮನ ಸಲಾಮು, ಹಣೆಗೊಂದು ಮುತ್ತು.

ಹೇಗಿದ್ದೀಯಪ್ಪಾ? ಅಲ್ಲಿ ಗಡಿಯಲ್ಲಿ ಹಿಮ ಇನ್ನೂ ಬೀಳುತ್ತಿದೆಯೇ? ನಾನು ಚಟ್ನಿಗೆಂದು ಕುಟ್ಟಿ ಕಳಿಸಿದ ಶೇಂಗಾ ಹಿಂಡಿ ನಿನ್ನ ಬಾಯಿಗೆ ಬಂತೋ, ಇಲ್ಲ ಜೊತೆಗಿರುವ ಜವಾನರೇ ಖಾಲಿ ಮಾಡಿದರೋ? ಕಾಲಿನ ಬಿರುಕಿಗೆ ಎಣ್ಣೆ ಹಚ್ಚಿಕೋ, ಅಸಡ್ಡೆ ಮಾಡಬೇಡ. ನಾವೆಲ್ಲ ಆರಾಮ. ಲಿಂಬೆ ಗಿಡ ಹೂ ಹಿಡಿದಿವೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ನಿಮ್ಮಪ್ಪನ ಗುಣಗಾನ ಶುರು ಮಾಡಿದರೆ ಅವರು ಮೊಬೈಲ್ ಕಸಿದುಕೊಳ್ಳುತ್ತಾರೆ. ಈಗ ಮೊಬೈಲ್ ಸಮೇತ ತೋಟಕ್ಕೆ ಹೋಗಿದ್ದಾರೆ. ಶಾಲೆಯಲ್ಲಿ ಕನ್ನಡ ಕಲಿಸುವವಳ ಕೈ, ಸುಮ್ಮನೆ ಇರುತ್ತದೆಯೇ?

ನಿಮ್ಮಪ್ಪ ಹವಾಲ್ದಾರರಾಗಿ ನಿವೃತ್ತಿಯಾಗಿ ಬಂದ ದಿನ ನೆಲಕ್ಕೆ ಹಣೆ ಹಚ್ಚಿದ ಫೋಟೋ ಪಂಚಾಯಿತಿ ಗೋಡೆಯ ಮೇಲಿದೆಯಲ್ಲ, ನೀನೂ ನೋಡಿದ್ದೀ. ಫೌಜಿನಿಂದ ನಿವೃತ್ತರಾಗಿ ಬಂದವರನ್ನು ತೆರೆದ ಜೀಪಿನಲ್ಲಿ ಮೆರೆಸಿ, ಪಟಾಕಿ ಹಚ್ಚಿ ಮನೆ ಮುಟ್ಟಿಸದಿದ್ದರೆ ನಮ್ಮ ಊರಿಗೆ ಸಮಾಧಾನವಿಲ್ಲ. ಅವತ್ತು ಅವರು ಜೀಪಿನಿಂದ ಇಳಿಯುವುದಕ್ಕೂ ಬೆನ್ನ ಹಿಂದೆ ಪಟಾಕಿ ಸರ ಸಿಡಿಯುವುದಕ್ಕೂ ಸರಿಹೋಯಿತು. ಕೊರಳ ಹಾರದ ಸಮೇತ ನೆಲಕ್ಕೆ ಮಕಾಡೆ ಬಿದ್ದರು. ಹುಟ್ಟಿದ ಮಣ್ಣಿಗೆ ನಮಸ್ಕಾರ ಮಾಡಿದರೆಂದು ಊರಿಗೆ ಊರೇ ಚಪ್ಪಾಳೆ ತಟ್ಟಿತು, ಕೆಲವರು ಕಣ್ಣೊರೆಸಿಕೊಂಡರು. ಎಬ್ಬಿಸಲು ಹೋದವಳು ನಾನು. ಅವರ ಮೈ ಥರಥರ ನಡುಗುತ್ತಿತ್ತು. ಇದನ್ನು ನಿನಗೂ ಹೇಳಿರಲಿಲ್ಲ. ಅಂದಿನಿಂದ ಮದುವೆ, ಉರುಸು, ಸಂತೆ ಎಲ್ಲ ಬಿಟ್ಟರು. ಯಾರಾದರೂ ಕರೆದರೆ ಮೊಣಕಾಲು ನೋವಿನ ನೆಪ. ಆ ಫೋಟೋ ಇರುವ ಪಂಚಾಯಿತಿಯ ಮೆಟ್ಟಿಲನ್ನಂತೂ ಹತ್ತಲೇ ಇಲ್ಲ.

ಹೋದ ದೀಪಾವಳಿಯ ನಂತರ, ಮಾಜಿ ಸೈನಿಕರ ಜೊತೆ ಮಾತಾಡಲು ಶೈಲಶ್ರೀ ಎಂಬ ಆಪ್ತಸಮಾಲೋಚಕಿ ವಾರಕ್ಕೊಮ್ಮೆ ಇಂಡಿಯ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆಂದು ತಿಳಿಯಿತು. 'ನನಗೇನು ಹುಚ್ಚ ಹಿಡದೈತೇನ?' ಎಂದು ನಿಮ್ಮಪ್ಪ ಹಾರಾಡಿದರು. ನಾನು ಬಿಡುತ್ತೇನೆಯೇ? 'ಮೊಣಕಾಲರೆ ತೋರಿಸಿಕೊಂಡ ಬರೂಣು ಬರ್ರಿ' ಎಂದು ಹೊರಡಿಸಿದೆ. ಅವರೇ ಕಟ್ಟಿದ ನೆಪ, ಇಲ್ಲವೆನ್ನಲು ಬಾಯಿಲ್ಲ! ಅಲ್ಲಿ ಸೂಜಿಯಿಲ್ಲ, ಬರೀ ಮಾತು, ಅದೂ ಒಂದೆರಡು ತಿಂಗಳಲ್ಲಿ ಮುಗಿಯುವಂಥದ್ದು. ಆ ಹುಡುಗಿ ಗಡಿಯ ಕಥೆ ಕೆದಕಲಿಲ್ಲ, 'ಯಾವುದನ್ನ ತಪ್ಪಿಸಿಕೊಂಡ ತಿರಗಾಕತ್ತೀರಿ?' ಎಂದು ಕೇಳಿದಳಂತೆ. 'ಅಂಜಿಕಿ ಬಂದ್ರ ಓಡಬ್ಯಾಡ್ರಿ. ಏರತೈತಿ, ಆಮ್ಯಾಗ ತಾನ ಇಳೀತೈತಿ. ಕುಂತ ನೋಡ್ರಿ' ಎಂದು ಕಲಿಸಿದಳು. ಮೊದಲು ಬಸ್‌ಸ್ಟ್ಯಾಂಡಿನ ಗದ್ದಲದ ನಡುವೆ ಕೂತರು. ಆಮೇಲೆ ಸಂತೆಗೆ ಹೋದರು. ಕಡೆಗೆ ಮೊಬೈಲಿನಲ್ಲಿ ಪಟಾಕಿಯ ಸದ್ದನ್ನು ಸಣ್ಣಗೆ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂಡತೊಡಗಿದರು. ಬೆವರುತ್ತಿದ್ದರು, ಆದರೆ ಏಳುತ್ತಿರಲಿಲ್ಲ. ನಾನು ಅಡುಗೆಮನೆಯಿಂದ ಕದ್ದು ನೋಡಿ ಹಿಗ್ಗುತ್ತಿದ್ದೆ.

ಈಗ ನಮ್ಮೂರ ರೇವಪ್ಪ ಕಾಕಾನ ಮಗ ಸಂಜೀವಕುಮಾರ ಫೌಜಿನಿಂದ ನಿವೃತ್ತನಾಗಿ ಬರುವವನಿದ್ದ. ಹೋದ ವಾರ ಮೆರವಣಿಗೆಗಾಗಿ ಪಂಚಾಯಿತಿಯಲ್ಲಿ ಸಭೆ ಸೇರಿತು. ಪಟಾಕಿ ಆಗಲೇ ತಂದಿಟ್ಟಿದ್ದರು. ನಿಮ್ಮಪ್ಪ ಬಾಯಿ ಬಿಟ್ಟರೆ ಇಷ್ಟು ವರ್ಷದ ಹೆಸರು ಹೋಗುತ್ತದೆ, ಬಿಡದಿದ್ದರೆ ಆ ಹುಡುಗನಿಗೂ ತಮ್ಮ ಗತಿಯೇ ಆದೀತು. 'ಸಾಬೀರಾ, ನೀನೂ ಬಾ' ಎಂದರಷ್ಟೇ. ಹೋಗಿ, ತಮ್ಮದೇ ಫೋಟೋದ ಕೆಳಗೆ ನಿಂತು ಹೇಳಿದರು: 'ಅವತ್ತ ನಾ ಮಣ್ಣಿಗಿ ನಮಸ್ಕಾರ ಮಾಡಿದ್ದಿಲ್ರಿ. ಸಪ್ಪಳಕ್ಕ ಅಂಜಿ ಬಿದ್ದಿದ್ದೆ. ಗುಂಡ ಹಾರಿತು ಅನಿಸಿತ್ತು. ಸಂಜೀವನ್ನ ಕೇಳದ ಪಟಾಕಿ ಹಚ್ಚಬ್ಯಾಡ್ರಿ.' ಪಟಾಕಿ ತಂದಿಟ್ಟಿದ್ದ ಪರಮಾನಂದ ಕಿಸಕ್ಕನೆ ನಕ್ಕು, 'ಫೌಜಿ ಮನಷ್ಯಾ ಪಟಾಕಿಗಿ ಅಂಜೂದಂದ್ರ?' ಎಂದ. ನಿಮ್ಮಪ್ಪ ಕೂಡಲಿಲ್ಲ. 'ಹೌದಪಾ, ಅಂಜತೇನಿ. ಈಗೂ ಅಂಜಿಕೋತನ ನಿಂತೇನಿ' ಎಂದರು. ರೇವಪ್ಪ ಕಾಕಾ ಎದ್ದು ಬಂದು ಅವರ ಕೈ ಹಿಡಿದರು. 'ನನ್ನ ಮಗನ ಸಲುವಾಗಿ ನಿನ್ನ ಮರ್ಯಾದಿ ಒತ್ತಿ ಇಟ್ಟೆಲ್ಲೋ ಕಾಸಿಂಸಾಬ' ಎನ್ನುತ್ತ ಅತ್ತೇಬಿಟ್ಟರು. ಅಲ್ಲಿಂದಲೇ ಫೋನು ಮಾಡಿ ಕೇಳಿದಾಗ ಸಂಜೀವ ಮೊದಲು ಈ ಮಾತು ಎತ್ತಿದವರು ಯಾರೆಂದು ತಿಳಿದುಕೊಂಡನಂತೆ. ಆಮೇಲೆ, 'ಬ್ಯಾಡ್ರಿ. ಕಾಸಿಂ ಕಾಕಾಗ ನನ್ನ ಸಲಾಂ ಹೇಳ್ರಿ' ಎಂದನಂತೆ.

ಪಟಾಕಿ ಅಂಗಡಿಗೆ ಮರಳಿತು. ನಿನ್ನೆ ಭಜನೆಯವರ ತಾಳದೊಂದಿಗೆ ಮೆರವಣಿಗೆ ನಡೆಯಿತು, ಮುಂದೆ ಪದಕ ಹಾಕಿಕೊಂಡ ನಿಮ್ಮಪ್ಪ. ಹಳೇ ಕೋಟು ಹೊಟ್ಟೆಗೆ ಹಿಡಿಯದೆ ಗುಂಡಿ ಬಿಚ್ಚಿಕೊಂಡೇ ನಡೆದರು, ಅದು ಬೇರೆ ಮಾತು. ಮದುವೆಯ ದಿನವೂ ನನಗೆ ಅವರ ಮೇಲೆ ಇಷ್ಟು ಹೆಮ್ಮೆ ಬಂದಿರಲಿಲ್ಲ ಮಗನೇ.

ಬುಶ್ರಾ ಅಕ್ಕನ ಸಲಾಮು. ಅಲ್ಲಾಹ ನಿನ್ನನ್ನು ಕಣ್ಣ ರೆಪ್ಪೆಯಂತೆ ಕಾಯಲಿ.

ನಿನ್ನ ಅಮ್ಮ,
ಸಾಬೀರಾ

ತಾ.ಕ.: ನಿಮ್ಮಪ್ಪ ಬಂದು ಇಷ್ಟೂ ಓದಿಬಿಟ್ಟರು. ಬಯ್ಯುತ್ತಾರೆಂದುಕೊಂಡೆ, ಬಯ್ಯಲಿಲ್ಲ. ಕಳೆದ ರಜೆಯಲ್ಲಿ ಕುಕ್ಕರ್ ಸೀಟಿ ಹೊಡೆದಾಗ ನೀನು ತಟ್ಟೆ ಬಿಟ್ಟು ಗೋಡೆಗೆ ಒತ್ತಿಕೊಂಡದ್ದನ್ನು ಅವರು ಕಂಡಿದ್ದಾರಂತೆ. ಸಭೆಯಲ್ಲಿ ಹೇಳಿದ್ದು ಸಂಜೀವನಿಗಷ್ಟೇ ಅಲ್ಲವಂತೆ. ಪೆನ್ನು ಕೆಳಗಿಡಲು ಬಿಡದೆ ಹೇಳುತ್ತಿದ್ದಾರೆ: 'ಬರಿ ಅವಗ. ರಜಾಕ್ಕ ಬಂದಾಗ ಆ ಮೇಡಂ ಕಡೆ ಹೋಗೂಣು, ನಾ ಹೊರಗ ಕುಂದರತೇನಿ. ನನ್ನಂಗ ತಡಾ ಮಾಡಬ್ಯಾಡ ಅನ್ನು.'